ಹೊಸ ಗಿಟಾರ್‌ಗೆ ಸಾಲ ಮಾಡುವ ಮೊದಲು

ಮದುವೆ ರಿಸೆಪ್ಷನ್, ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬಗಳಲ್ಲಿ ಆರ್ಕೆಸ್ಟ್ರಾ ನುಡಿಸಿ ಮನೆಗೆ ನಾಲ್ಕು ಕಾಸು ತರುವವರು ನಮ್ಮ ಊರಿನಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ಇದ್ದಾರೆ. ವಾದ್ಯ ಕೈಕೊಟ್ಟ ಕೂಡಲೇ ಅಂಗಡಿಗೆ ಹೋಗಿ ಕಂತಿನ ಮೇಲೆ ಹೊಸದನ್ನು ತರುವುದು ಇವರಲ್ಲಿ ರೂಢಿಯಾಗುತ್ತಿದೆ. ನನ್ನ ಪ್ರಕಾರ ಇದು ತಪ್ಪು ಲೆಕ್ಕ. ಹೊಸದಕ್ಕೆ ಸಾಲ ಮಾಡುವ ಮೊದಲು ಇರುವ ವಾದ್ಯಕ್ಕೆ ಒಂದು ದಿನ ಮತ್ತು ಸ್ವಲ್ಪ ಹಣ ಕೊಡಬೇಕು. ಇದನ್ನು ಬೇಸ್ ಗಿಟಾರ್‌ನ ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ನಾನು ನೋಡಿ ಬೆಳೆದ ವಾದ್ಯ ಅದೇ.

ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ, ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ ಎಂದು ನನಗೆ ಗೊತ್ತು. ಈ ಲೇಖನ ಆ ಚರ್ಚೆಯಲ್ಲ. ದುಡಿಯುವ ಒಬ್ಬ ಮನುಷ್ಯ ತನ್ನ ಸಾಧನದ ಮೇಲೆ ಎಷ್ಟು ಖರ್ಚು ಮಾಡಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಹೊಲಿಗೆ ಯಂತ್ರ, ಗೂಡ್ಸ್ ಆಟೋ, ವೆಲ್ಡಿಂಗ್ ಮಷೀನ್ ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ.

ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಗಳ, ಉದ್ದ ಕತ್ತಿನ ಗಿಟಾರ್. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹಾಡು ಕೇಳುವಾಗ ಅದು ಎದ್ದು ಕೇಳಿಸುವುದಿಲ್ಲ. ಆದರೆ ಅದು ನಿಂತರೆ ಹಾಡಿನ ತಳವೇ ಕಳಚಿದ ಹಾಗೆ ಆಗುತ್ತದೆ. ಇದಕ್ಕೆ ಮೊದಲು ಆಳೆತ್ತರದ ಡಬಲ್ ಬೇಸ್ ಇತ್ತು. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ, ಗದ್ದಲದಲ್ಲಿ ಅದು ಕೇಳಿಸುತ್ತಲೂ ಇರಲಿಲ್ಲ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು ‘ಪ್ರಿಸಿಷನ್ ಬೇಸ್’ ತಂದರು. ಕತ್ತಿನ ಮೇಲೆ ಫ್ರೆಟ್ ಪಟ್ಟಿಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಅದಕ್ಕೇ ಆ ಹೆಸರು.

ನಮ್ಮ ವಾಣಿಜ್ಯ ವಿಭಾಗದವರಿಗೆ ಖುಷಿಯಾಗುವ ಒಂದು ವಿಷಯವಿದೆ. ಈ ಫೆಂಡರ್ ಓದಿದ್ದು ಅಕೌಂಟೆನ್ಸಿ. ಮೊದಲು ಲೆಕ್ಕಪತ್ರ ಬರೆಯುವ ಕೆಲಸ ಮಾಡಿ, ಆ ಕೆಲಸ ಹೋದ ಮೇಲೆ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಗಿಟಾರ್ ನುಡಿಸಲು ಅವರು ಕಲಿಯಲೇ ಇಲ್ಲ. ರಿಪೇರಿ ಮಾಡಿ ಗೊತ್ತಿದ್ದವರು ಮಾಡಿದ ವಾದ್ಯವಾದ್ದರಿಂದ ಅದರ ಕತ್ತನ್ನು ಅಂಟಿನಿಂದ ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಕೂರಿಸಿದ್ದಾರೆ. ಕೆಟ್ಟರೆ ಬಿಚ್ಚಬಹುದು, ಬದಲಿಸಬಹುದು. ಇಂದು ಮಾರುಕಟ್ಟೆಯಲ್ಲಿರುವ ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಹೆಚ್ಚಿನವು ಇದೇ ಮಾದರಿಯವು. ಬಿಚ್ಚಿ ಸರಿಮಾಡಲೆಂದೇ ರೂಪಿಸಿದ ವಸ್ತುವನ್ನು ನಾವು ಬಿಚ್ಚದೆಯೇ ಮೂಲೆಗೆ ಇಡುತ್ತಿದ್ದೇವೆ.

ನನ್ನ ಮಾಮು ಹಗಲು ಗೂಡ್ಸ್ ಆಟೋ ಓಡಿಸುತ್ತಾರೆ, ಕಾರ್ಯಕ್ರಮ ಇದ್ದ ರಾತ್ರಿ ಬೇಸ್ ನುಡಿಸುತ್ತಾರೆ. ಕಳೆದ ವರ್ಷ ಒಂದು ರಿಸೆಪ್ಷನ್‌ನಲ್ಲಿ ಅವರ ಗಿಟಾರ್ ಕರಕರ ಸದ್ದು ಮಾಡಿ ನಡುನಡುವೆ ನಿಂತುಹೋಯಿತು. ಪಾರ್ಟಿಯವರು ದುಡ್ಡು ಹಿಡಿದುಕೊಂಡರು. ಅಂಗಡಿಯೊಂದರಲ್ಲಿ ತೋರಿಸಿದಾಗ, “ಒಳಗೆ ಎಲ್ಲ ಹೋಗಿದೆ, ಹೊಸದು ತಗೊಳ್ಳಿ, ಕಂತು ಮಾಡಿಕೊಡ್ತೀವಿ” ಎಂದರು. ಮುಂಗಡಕ್ಕೆ ನಾನಿಯ ಬಳೆ ಗಿರವಿ ಇಡುವ ಮಾತು ಬಂತು. ಬಡ್ಡಿ ವ್ಯವಹಾರ ಎಂದ ಕೂಡಲೇ ನಾನಿ “ನಕ್ಕೊ” ಎಂದುಬಿಟ್ಟರು. ಕೊನೆಗೆ ನಮ್ಮ ಬೀದಿಯ ಟಿ.ವಿ. ರಿಪೇರಿ ಮಾಡುವ ಚಾಚಾ ಸ್ಕ್ರೂ ಬಿಚ್ಚಿ ನೋಡಿದರೆ, ಕೇಬಲ್ ಚುಚ್ಚುವ ಜ್ಯಾಕ್‌ನ ನಟ್ ಸಡಿಲವಾಗಿ ಒಳಗಿನ ಒಂದು ವೈರಿನ ಬೆಸುಗೆ ಬಿಟ್ಟಿತ್ತು. ಹತ್ತು ನಿಮಿಷದ ಕೆಲಸ. ಚಾಚಾ ಚಹಾ ಕುಡಿದು ಹೋದರು, ದುಡ್ಡು ಮುಟ್ಟಲಿಲ್ಲ. ಅದೇ ಗಿಟಾರ್ ಇವತ್ತಿಗೂ ನುಡಿಯುತ್ತಿದೆ.

ಎಲ್ಲರಿಗೂ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ, ನಿಜ. ಆದ್ದರಿಂದ ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಕಾರ್ಯಕ್ರಮಕ್ಕೆ ಕೈಗೆ ಸಿಗುವುದು 1,500 ರೂಪಾಯಿ ಎಂದುಕೊಳ್ಳಿ. 60,000 ರೂಪಾಯಿಯ ಹೊಸ ಬೇಸ್ ತಂದರೆ ಬಡ್ಡಿ ಬಿಟ್ಟೇ 40 ಕಾರ್ಯಕ್ರಮಗಳ ಸಂಪಾದನೆ ಅದಕ್ಕೆ ಹೋಗುತ್ತದೆ. ಹಳೆಯದಕ್ಕೆ ಹೊಸ ತಂತಿ, ಒಳ್ಳೆಯ ಜ್ಯಾಕ್, ಒಳ್ಳೆಯ ಕೇಬಲ್, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ 6,000 ರೂಪಾಯಿ ಆದರೂ 4 ಕಾರ್ಯಕ್ರಮ ಸಾಕು. ಆಷಾಢದಲ್ಲಿ, ರಂಜಾನ್‌ನಲ್ಲಿ ಮದುವೆಗಳು ಇರುವುದಿಲ್ಲ. ಕಂತು ಮಾತ್ರ ಆ ತಿಂಗಳೂ ಬರುತ್ತದೆ.

ನಮ್ಮ ಪಠ್ಯದಲ್ಲಿ ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಎಂದು ಓದುತ್ತೇವೆ. ಹೊಸ ಆಸ್ತಿ ಕೊಳ್ಳುವುದು ಬಂಡವಾಳ ವೆಚ್ಚ. ಇರುವ ಆಸ್ತಿಯನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಡುವುದು ರಾಜಸ್ವ ವೆಚ್ಚ. ಆಸ್ತಿಯಿಂದ ಬರುವ ಆದಾಯ ಹೆಚ್ಚಬೇಕು ಅಥವಾ ಅದು ಬಹಳ ವರ್ಷ ಹೆಚ್ಚಿಗೆ ಬಾಳಬೇಕು, ಆಗ ಬಂಡವಾಳ ವೆಚ್ಚಕ್ಕೆ ಅರ್ಥವಿದೆ. ಮದುವೆ ಪಾರ್ಟಿಯವರು ಗಿಟಾರ್‌ನ ತಲೆಯ ಮೇಲಿನ ಹೆಸರು ಓದಿ ಹೆಚ್ಚು ಕೊಡುವುದಿಲ್ಲ. ಹಾಡು ನಿಲ್ಲದೆ ನಡೆದರೆ ಮುಂದಿನ ಸಲ ಕರೆಯುತ್ತಾರೆ, ಅಷ್ಟೇ. ಹೊಸ ವಾದ್ಯಕ್ಕೂ ಮನೆಗೆ ಬಂದ ದಿನದಿಂದ ಸವಕಳಿ ಶುರುವಾಗುತ್ತದೆ. ಎರಡು ವರ್ಷದಲ್ಲಿ ಅದರ ಜ್ಯಾಕ್ ಕೂಡ ಸಡಿಲವಾಗುತ್ತದೆ.

ಹಾಗಾದರೆ ಯಾವುದಕ್ಕೆ ಖರ್ಚು ಮಾಡಬೇಕು? ನನ್ನ ಕ್ರಮ ಹೀಗಿದೆ.

ಮೊದಲು ಖರ್ಚಿಲ್ಲದ ಕೆಲಸ, ಅಂದರೆ ಹೊಂದಿಸುವುದು. ಮರ ಹವಾಮಾನಕ್ಕೆ ಸ್ಪಂದಿಸುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲೂ ಏಪ್ರಿಲ್ ಬಿಸಿಲಲ್ಲೂ ಕತ್ತು ಒಂದೇ ರೀತಿ ಇರುವುದಿಲ್ಲ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದಾಗ, ನಡುವೆ ತಂತಿಗೂ ಫ್ರೆಟ್‌ಗೂ ತೆಳು ಕಾರ್ಡ್ ತೂರುವಷ್ಟು ಸಂದು ಇರಬೇಕು. ಹೆಚ್ಚು ಕಡಿಮೆ ಇದ್ದರೆ ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ಆಲನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ತಂತಿಯನ್ನು ಮತ್ತೆ ಶ್ರುತಿಗೆ ತಂದು ನೋಡಬೇಕು. ಬಿಗಿಯಾಗಿದ್ದರೆ ಬಲ ಹಾಕಬಾರದು, ತಿಳಿದವರಿಗೆ ಕೊಡಬೇಕು. ಆಮೇಲೆ ಪ್ರತಿ ತಂತಿಯನ್ನೂ 12ನೇ ಫ್ರೆಟ್‌ನ ಮೇಲೆ ಸುಮ್ಮನೆ ಮುಟ್ಟಿ ಬಿಟ್ಟಾಗ ಬರುವ ಸ್ವರವೂ ಅಲ್ಲೇ ಒತ್ತಿ ಹಿಡಿದಾಗ ಬರುವ ಸ್ವರವೂ ಒಂದೇ ಇವೆಯೇ ಎಂದು ಟ್ಯೂನರ್‌ನಲ್ಲಿ ನೋಡಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಜ್‌ನಲ್ಲಿ ಆ ತಂತಿಯ ಆಧಾರವನ್ನು ಹಿಂದಕ್ಕೆ ಸರಿಸಬೇಕು. ‘ಈ ಗಿಟಾರ್ ಶ್ರುತಿ ನಿಲ್ಲುವುದಿಲ್ಲ’ ಎಂಬ ದೂರು ಎಷ್ಟೋ ಸಲ ಇಲ್ಲೇ ಮುಗಿಯುತ್ತದೆ.

ಎರಡನೆಯದು ತಂತಿ. ಸುರುಳಿ ಎದ್ದು ಕಾಣುವ ರೌಂಡ್‌ವೌಂಡ್ ತಂತಿಗೆ ಹೊಳಪಿನ ಸದ್ದು, ಆದರೆ ಬೆವರು ತಾಗಿ ಬೇಗ ಮಂಕಾಗುತ್ತದೆ. ನುಣುಪಾದ ಫ್ಲಾಟ್‌ವೌಂಡ್ ತಂತಿಗೆ ಬೆಲೆ ಹೆಚ್ಚು, ಸದ್ದು ಮೆತ್ತಗೆ, ಬಾಳಿಕೆ ಬಹಳ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ 1962ರ ಒಂದು ಪ್ರಿಸಿಷನ್ ಬೇಸ್‌ಗೆ ಫ್ಲಾಟ್‌ವೌಂಡ್ ತಂತಿ ಹಾಕಿ, ಬ್ರಿಜ್ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇಟ್ಟುಕೊಂಡಿದ್ದರು. ತಂತಿ ಬದಲಿಸಲು ಅವರಿಗೆ ಇಷ್ಟವೇ ಇರಲಿಲ್ಲ. ಬಲಗೈಯ ಒಂದೇ ಬೆರಳಿನಿಂದ ನುಡಿಸುತ್ತಿದ್ದರು. ಲೋಕವೆಲ್ಲ ಕೇಳಿದ ಸದ್ದಿಗೆ ಅವರು ಮಾಡಿಕೊಂಡ ಮುಖ್ಯ ‘ಬದಲಾವಣೆ’ ಒಂದು ತುಂಡು ಸ್ಪಂಜು. ನಮ್ಮ ಮದುವೆ ಹಾಲ್‌ಗಳಲ್ಲಿ ಸದ್ದು ಗುಂಯ್‌ಗುಡುವಾಗ ಈ ಸ್ಪಂಜು ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಜ್ಯಾಕ್, ಕೇಬಲ್ ಮತ್ತು ಬ್ಯಾಟರಿ. ಕಾರ್ಯಕ್ರಮದ ಮಧ್ಯೆ ಕೈಕೊಡುವುದು ಹೆಚ್ಚಾಗಿ ಇವೇ. ಕೇಬಲನ್ನು ಹೆಗಲ ಪಟ್ಟಿಯ ಒಳಗಿಂದ ತಂದು ಚುಚ್ಚಿದರೆ ಯಾರಾದರೂ ತುಳಿದರೂ ಜ್ಯಾಕ್ ಮೇಲೆ ಎಳೆತ ಬೀಳುವುದಿಲ್ಲ. 9 ವೋಲ್ಟ್ ಬ್ಯಾಟರಿ ಇರುವ ‘ಆಕ್ಟಿವ್’ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಖರ್ಚಾಗಲು ಶುರುವಾಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ತೆಗೆದಿಡುವುದಕ್ಕೆ ದುಡ್ಡು ಬೇಕಿಲ್ಲ.

ನಾಲ್ಕನೆಯದು ಗುಂಯ್ ಶಬ್ದ ತಡೆಯುವುದು. ಸೀರಿಯಲ್ ಲೈಟ್, ಡಿಮ್ಮರ್‌ಗಳಿರುವ ವೇದಿಕೆಯಲ್ಲಿ ಒಂಟಿ ಸುರುಳಿಯ ಪಿಕಪ್ ಕರೆಂಟಿನ 50 ಹರ್ಟ್ಸ್ ಗುಂಯ್ ಶಬ್ದವನ್ನು ಹಿಡಿದುಕೊಳ್ಳುತ್ತದೆ. ಗಿಟಾರ್‌ನ ಒಳಗಿನ ಗುಳಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನು ಗ್ರೌಂಡ್ ವೈರ್‌ಗೆ ಬೆಸೆದರೆ ಕರಕರ, ಝೇಂಕಾರ ಸಾಕಷ್ಟು ಕಡಿಮೆಯಾಗುತ್ತದೆ. ಎರಡು ಪಿಕಪ್‌ಗಳ ಜಾಝ್ ಬೇಸ್ ಮಾದರಿಯಲ್ಲಿ ಎರಡರ ವಾಲ್ಯೂಮನ್ನೂ ಪೂರ್ತಿ ಇಟ್ಟರೆ ಒಂದರ ಗುಂಯ್ ಇನ್ನೊಂದರದನ್ನು ಅಳಿಸುತ್ತದೆ. ಇದಾದ ಮೇಲೆ ಹಣ ಉಳಿದರೆ ಡಿ.ಐ. ಬಾಕ್ಸ್ ಎಂಬ ಚಿಕ್ಕ ಡಬ್ಬಿ ಕೊಳ್ಳಬಹುದು. ವೇದಿಕೆಯಿಂದ ದೂರದ ಮಿಕ್ಸರ್‌ವರೆಗೆ ಉದ್ದನೆಯ ಕೇಬಲಿನಲ್ಲಿ ಸದ್ದು ಕೆಡದಂತೆ ಅದು ಕಳಿಸುತ್ತದೆ. ಸೌಂಡ್ ಸಿಸ್ಟಂನವರು ಬೇರೆಯವರಾದರೂ ಈ ಡಬ್ಬಿ ನಮ್ಮದೇ ಇದ್ದರೆ ಪ್ರತಿ ಊರಿನಲ್ಲೂ ನಮ್ಮ ಸದ್ದು ಒಂದೇ ತರಹ ಇರುತ್ತದೆ.

ಪಟ್ಟಿಯಲ್ಲಿ ಬಿಟ್ಟಿದ್ದನ್ನೂ ಹೇಳಬೇಕು. ಟೋನ್ ಕಂಟ್ರೋಲ್‌ಗೆ ಹಾಕುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅದನ್ನೇ ಚಂದದ ಹೆಸರಿಟ್ಟು ನೂರಾರು ರೂಪಾಯಿಗೆ ಮಾರುತ್ತಾರೆ. ನಾಲ್ಕು ಸಾವಿರ ಜನರ ಮುಂದೆ ಡ್ರಮ್ಸ್ ಪಕ್ಕ ನಿಂತು ನುಡಿಸುವವನಿಗೆ ಆ ವ್ಯತ್ಯಾಸ ದುಡ್ಡು ತರುವುದಿಲ್ಲ. ಮರ ಕೊರೆಯುವ ಕೆಲಸವೂ ಬೇಡ, ಅದನ್ನು ಹಿಂದಕ್ಕೆ ತರಲಾಗುವುದಿಲ್ಲ, ಮಾರುವಾಗ ಬೆಲೆಯೂ ಬೀಳುತ್ತದೆ. ಜಾಕೋ ಪ್ಯಾಸ್ಟೋರಿಯಸ್ ಫ್ರೆಟ್‌ಗಳೇ ಇಲ್ಲದ 1962ರ ಜಾಝ್ ಬೇಸ್‌ನ ಕತ್ತಿಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದು ಹೊಸ ಸದ್ದನ್ನೇ ಹುಟ್ಟಿಸಿದರು ಎಂದು ಕೆಲವರು ವಾದಿಸಬಹುದು. ಅವರಿಗೆ ತಮ್ಮ ಸಂಗೀತಕ್ಕೆ ಏನು ಬೇಕೆಂದು ಗೊತ್ತಿತ್ತು. ನಾಳಿದ್ದು ರಿಸೆಪ್ಷನ್ ಇರುವವರು ಇಂದು ಫ್ರೆಟ್ ಕೀಳಬಾರದು.

ಒಂದು ‘ರಿಪೇರಿ’ಯನ್ನಂತೂ ಯಾರೂ ಮಾಡಬಾರದು. ಗುಂಯ್ ಶಬ್ದ ನಿಲ್ಲಲಿ ಎಂದು ಆಂಪ್ಲಿಫೈಯರ್‌ನ ಮೂರು ಪಿನ್ ಪ್ಲಗ್‌ನ ಅರ್ಥಿಂಗ್ ಪಿನ್ ತೆಗೆಯುವವರನ್ನು, ಎರಡು ಪಿನ್ ವೈರ್ ಎಳೆಯುವವರನ್ನು ನಾನು ಪೆಂಡಾಲುಗಳಲ್ಲಿ ನೋಡಿದ್ದೇನೆ. ಗಿಟಾರ್‌ನ ತಂತಿಗಳು ಗ್ರೌಂಡ್‌ಗೆ ಸೇರಿರುತ್ತವೆ. ಎಲ್ಲೋ ಒಂದು ಕಡೆ ಅರ್ಥಿಂಗ್ ತಪ್ಪಿದರೆ ತಂತಿ ಹಿಡಿದ ಕೈ ಮತ್ತು ಮೈಕ್ ಮುಟ್ಟಿದ ಕೈ ನಡುವೆ ದೇಹದೊಳಗಿಂದ ಕರೆಂಟ್ ಹರಿಯಬಹುದು. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕರು ಸರಿಯಾಗಿ ಅರ್ಥ್ ಆಗಿರದ ಮೈಕ್ ಮುಟ್ಟಿ ವೇದಿಕೆಯಲ್ಲೇ ತೀರಿಕೊಂಡರು. ನಮ್ಮಲ್ಲಿ ಮಳೆಗಾಲದ ಗಣೇಶೋತ್ಸವದಲ್ಲಿ ಒದ್ದೆ ನೆಲದ ಮೇಲೆ, ಜನರೇಟರ್ ಕರೆಂಟಿನಲ್ಲಿ ನುಡಿಸುತ್ತಾರೆ. ಗುಂಯ್ ಶಬ್ದಕ್ಕೆ ಡಿ.ಐ. ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಬಳಸಲಿ. ಪ್ಲಗ್‌ಗೆ ಕೈ ಹಾಕುವುದು ಬೇಡ. ಸಾವಿರ ರೂಪಾಯಿ ಉಳಿಸುವ ಲೆಕ್ಕದಲ್ಲಿ ಇದನ್ನು ಸೇರಿಸಲೇಬಾರದು.

ಹೊಸದನ್ನು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ಮುರಿದಿದ್ದರೆ, ಫ್ರೆಟ್ ಪೂರ್ತಿ ಸವೆದು ಅದರ ಕೂಲಿಯೇ ಗಿಟಾರ್ ಬೆಲೆಯ ಹತ್ತಿರ ಬಂದರೆ ಬದಲಿಸಬೇಕು. ಐದು ತಂತಿಯ ಬೇಸ್ ಇದ್ದರೆ ಮಾತ್ರ ಸಿಗುವ ಕೆಲಸ ಬರುತ್ತಿದ್ದರೆ, ಅದರ ಹೆಚ್ಚುವರಿ ಆದಾಯ ಬರೆದು ನೋಡಿ ಕೊಳ್ಳಬೇಕು. ಹೊಸ ವಾದ್ಯ ಕೈಗೆ ಬಂದರೆ ನುಡಿಸುವ ಹುಮ್ಮಸ್ಸು ಹೆಚ್ಚುತ್ತದೆ ಎಂದು ಮಾಮು ಹೇಳುತ್ತಾರೆ, ಅದನ್ನೂ ಒಪ್ಪುತ್ತೇನೆ. ಆದರೆ ಆ ಹುಮ್ಮಸ್ಸನ್ನು ಉಳಿತಾಯದಿಂದ ಕೊಳ್ಳಲಿ, ಬಳೆಯಿಂದ ಬೇಡ.

ಇಷ್ಟು ಬರೆದ ಮೇಲೆ ಒಂದು ಕೋರಿಕೆ ಇದೆ. ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿದ್ದಾರೆ, ಲ್ಯಾಬ್‌ನಲ್ಲಿ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಇವೆ. ಲೆಕ್ಕ ಬರೆಯಲು ನಾವು ವಾಣಿಜ್ಯ ವಿಭಾಗದವರಿದ್ದೇವೆ. ಪ್ರಾಂಶುಪಾಲರೂ ಲ್ಯಾಬ್‌ನ ಸರ್ ಅವರೂ ಒಪ್ಪಿದರೆ ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಊರಿನವರ ಸಣ್ಣ ರಿಪೇರಿಗೆ ಕೊಡಬಹುದು. ಗಿಟಾರೇ ಆಗಬೇಕೆಂದಿಲ್ಲ, ಮಿಕ್ಸಿಯೂ ಇಸ್ತ್ರಿಪೆಟ್ಟಿಗೆಯೂ ಬರಲಿ. ಬಂದವರಿಗೆ ಒಂದು ಚೀಟಿ ಕೊಡೋಣ. ರಿಪೇರಿಗೆ ಎಷ್ಟಾಯಿತು, ಹೊಸದಾಗಿದ್ದರೆ ಎಷ್ಟಾಗುತ್ತಿತ್ತು ಎಂದು ಅದರಲ್ಲಿ ಬರೆದಿರಲಿ. ಚೀಟಿ ಬರೆಯುವ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಸೇರಿಸಿಕೊಳ್ಳಿ. ಬೆಸುಗೆ ಹಾಕಲು ಬರುವವರು ದ್ವಿತೀಯ ವಾಣಿಜ್ಯ ತರಗತಿಯಲ್ಲಿ ನನ್ನನ್ನು ಕಾಣಬಹುದು.