ಗಿಡ್ಡ ಹಾವು, ಪುಟ್ಟ ದ್ವೀಪ

ಹಾವನ್ನು ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಅಮೆರಿಕ, ಯುರೋಪುಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈಗ ನಮ್ಮ ನಗರಗಳಿಗೂ ಕಾಲಿಟ್ಟಿದೆ. ಇದಕ್ಕೆ ಹೊಸದಾಗಿ ಇಳಿಯುವವರಿಗೆ ಅನುಭವಿಗಳು ಹೇಳುವ ಮಾತೊಂದಿದೆ: ಉದ್ದಕ್ಕೆ ಬೆಳೆಯುವ ಬೋವಾ ಬೇಡ, ಗಿಡ್ಡ ಬಗೆಯದನ್ನು ಆರಿಸಿಕೊಳ್ಳಿ. ಸಾಕುವವರ ದೃಷ್ಟಿಯಿಂದ ಇದು ವಿವೇಕದ ಮಾತೇ ಸರಿ. ಆದರೆ ಆ ಗಿಡ್ಡ ಹಾವು ಎಲ್ಲಿಂದ ಬಂತೆಂದು ಕೇಳದಿದ್ದರೆ ವಿವೇಕ ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಬೋವಾ ನಮ್ಮ ಹೆಬ್ಬಾವಿನಂತೆಯೇ ವಿಷವಿಲ್ಲದ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ ಹಾವು. ಹೆಬ್ಬಾವು ಮೊಟ್ಟೆಯಿಟ್ಟು ಕಾವು ಕೊಟ್ಟರೆ, ಇದು ಮರಿಗಳನ್ನೇ ಹೆರುತ್ತದೆ. ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ ಇದರ ನೆಲೆ. ಅಂಗಡಿಯಲ್ಲಿ ಮೊಳದುದ್ದದ ಮರಿಯಾಗಿ ಕಾಣುವ ಈ ಜೀವಿ ಎರಡು-ಮೂರು ಮೀಟರ್ ಬೆಳೆಯುತ್ತದೆ, 20-30 ವರ್ಷ ಬದುಕುತ್ತದೆ. ಕೊಂಡವರ ಉತ್ಸಾಹಕ್ಕೆ ಅಷ್ಟು ಆಯಸ್ಸಿರುವುದಿಲ್ಲ. ಬೇಡವಾದ ಹಾವನ್ನು ಹತ್ತಿರದ ಕುರುಚಲು ಕಾಡಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಅನೇಕರಿಗೆ ಸುಲಭವಾಗಿ ತೋರುವ ದಾರಿ.

ಅದರ ಪರಿಣಾಮಕ್ಕೆ ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪವೇ ಸಾಕ್ಷಿ. ಅಲ್ಲಿ ಮೂಲತಃ ಇಲ್ಲದ ಬೋವಾ 1999ರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಸಾಕಿದವರ ಕೈಯಿಂದಲೇ ಅದು ಹೊರಬಿದ್ದಿರಬೇಕೆಂಬುದು ತಜ್ಞರ ಅಭಿಪ್ರಾಯ. ಕೆಲವೇ ವರ್ಷಗಳಲ್ಲಿ ಅದು ದ್ವೀಪವನ್ನೆಲ್ಲ ವ್ಯಾಪಿಸಿ, ಅಲ್ಲಿನ ಹಕ್ಕಿಗಳನ್ನೂ ಹಲ್ಲಿಗಳನ್ನೂ ಆಹಾರವಾಗಿಸಿಕೊಂಡಿತು. ನಿರ್ಮೂಲನದ ಯತ್ನಗಳು ಫಲ ಕೊಡಲಿಲ್ಲ. ಮೆಕ್ಸಿಕೋದ ಕೊಸುಮೆಲ್ ದ್ವೀಪಕ್ಕೆ 1971ರಲ್ಲಿ ಬಿಟ್ಟ ಬೆರಳೆಣಿಕೆಯ ಬೋವಾಗಳ ಕಥೆಯೂ ಇದೇ.

ಹಾಗಾದರೆ ಗಿಡ್ಡ ಬೋವಾ ಸಾಕಿದರೆ ಸಮಸ್ಯೆ ಬಗೆಹರಿಯಿತೇ? ಗಿಡ್ಡತನ ಹುಟ್ಟಿದ್ದು ಎಲ್ಲಿ ಎಂಬುದರಲ್ಲೇ ಉತ್ತರವಿದೆ. ಆಹಾರ ಪರಿಮಿತವಾಗಿರುವ ಸಣ್ಣ ದ್ವೀಪಗಳಲ್ಲಿ ಹಲ್ಲಿ ಮತ್ತು ವಲಸೆ ಹಕ್ಕಿಗಳನ್ನು ನೆಚ್ಚಿ ಬದುಕಿದ ಬೋವಾಗಳು ಪೀಳಿಗೆಯಿಂದ ಪೀಳಿಗೆಗೆ ಕಿರಿದಾದವು. ಹೊಂಡುರಾಸ್ ದೇಶದ ಕಾಯೋಸ್ ಕೊಚಿನೋಸ್ ದ್ವೀಪಗಳ ಬೋವಾ ಇವುಗಳಲ್ಲಿ ಹೆಸರುವಾಸಿ. ಅಲ್ಲಿನ ನೆಲವನ್ನೆಲ್ಲ ಕೂಡಿಸಿದರೂ ಸುಮಾರು ಎರಡು ಚದರ ಕಿಲೋಮೀಟರ್. ನಮ್ಮ ಒಂದು ಹಳ್ಳಿಯಷ್ಟೂ ಆಗಲಿಕ್ಕಿಲ್ಲ. ನಸುಗೆಂಪು ಛಾಯೆಯ, ಗಿಡ್ಡ ಮೈಯ ಆ ಹಾವಿಗೆ ಬೇಡಿಕೆ ಹುಟ್ಟಿದ್ದೇ ತಡ, 1970ರ ದಶಕದ ಕೊನೆಯಿಂದ 80ರ ದಶಕದುದ್ದಕ್ಕೂ ವ್ಯಾಪಾರಿಗಳು ಸಾವಿರಾರು ಹಾವುಗಳನ್ನು ಹಿಡಿದು ಸಾಗಿಸಿದರು. ದ್ವೀಪದಲ್ಲಿ ಹಾವು ಕಾಣುವುದೇ ಅಪರೂಪವಾಯಿತು. 1993ರಲ್ಲಿ ರಕ್ಷಣೆ ದೊರೆತ ಮೇಲೆ ಸಂತತಿ ಚೇತರಿಸಿಕೊಂಡಿತೆಂಬುದು ಸಮಾಧಾನದ ಸಂಗತಿ. ಆದರೂ ಪಾಠ ಸ್ಪಷ್ಟವಾಗಿದೆ: ಹಾವು ಗಿಡ್ಡದಾದಷ್ಟೂ ಅದರ ತವರು ಪುಟ್ಟದು, ತವರು ಪುಟ್ಟದಾದಷ್ಟೂ ಅದನ್ನು ಬರಿದು ಮಾಡುವುದು ಸುಲಭ.

ಇದು ದೂರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಬಯಲುಸೀಮೆಯ ಎರಡು ತಲೆ ಹಾವು ಬೋವಾದ ಹತ್ತಿರದ ನೆಂಟ. ಹೊಲದ ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಈ ಸಾಧು ಪ್ರಾಣಿಯನ್ನು ನಿಧಿ, ಅದೃಷ್ಟ, ಔಷಧಿಗಳ ಮೂಢನಂಬಿಕೆಗೆ ಬಲಿಗೊಟ್ಟು, ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿ ಮಾರುವ ಜಾಲ ಇಂದಿಗೂ ಜೀವಂತವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ನಮ್ಮ ಕಾಡುಹಾವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ.

ವಿದೇಶಿ ಹಾವುಗಳ ವಿಷಯದಲ್ಲಿ ಕಾನೂನು ಎಚ್ಚೆತ್ತದ್ದು ತಡವಾಗಿ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು, ಆರು ತಿಂಗಳೊಳಗೆ ಸ್ವಯಂಪ್ರೇರಿತರಾಗಿ ಘೋಷಿಸಿಕೊಂಡವರು ದಾಖಲೆ ತೋರಿಸಬೇಕಿಲ್ಲವೆಂದು ಪ್ರಕಟಿಸಿತು. ಪ್ರಾಣಿ ಯಾರ ಬಳಿ ಇದೆಯೆಂದು ಬರೆದುಕೊಳ್ಳುವ ಅವಸರದಲ್ಲಿ, ಅದು ಬಂದದ್ದೆಲ್ಲಿಂದ ಎಂಬ ಮೂಲ ಪ್ರಶ್ನೆಯನ್ನೇ ಬದಿಗಿಡಲಾಯಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2024ರ ನಿಯಮಗಳ ಪ್ರಕಾರ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ನೋಂದಾಯಿಸುವುದು ಕಡ್ಡಾಯವಾಗಿದೆ. ಬೋವಾಗಳೆಲ್ಲವೂ ಈ ಪಟ್ಟಿಯಲ್ಲಿವೆ.

ಮಲೆನಾಡಿಗರಾದ ನಮಗೆ ಇನ್ನೊಂದು ಆತಂಕವೂ ಇದೆ. ಸಾಕಿದ ಬೋವಾಗಳಲ್ಲಿ ಕಾಣುವ ಮಾರಕ ರೋಗವೊಂದಕ್ಕೆ ವೈರಸ್ ಸಂಬಂಧವಿರುವುದನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಈ ರೋಗ ಹೆಬ್ಬಾವುಗಳಿಗೂ ತಗಲುತ್ತದೆ. ಬೆಚ್ಚನೆಯ, ಮಳೆಯ ಈ ಕಾಡಿಗೆ ಯಾರೋ ಕರುಣೆಯಿಂದಲೇ ಬಿಟ್ಟ ಒಂದು ಬೋವಾ ಏನನ್ನು ಹೊತ್ತು ತಂದೀತೆಂದು ಯೋಚಿಸಬೇಕು.

ನಮ್ಮ ನಿಲುವು ಇಷ್ಟು. ಉದ್ದ ಅಳೆದು ಹಾವನ್ನು ಆರಿಸುವ ಮೊದಲು ಅದರ ಹುಟ್ಟನ್ನು ವಿಚಾರಿಸಿ. ಸೆರೆಯಲ್ಲೇ ಹುಟ್ಟಿದ್ದೆಂದು ದಾಖಲೆ ತೋರಿಸಲಾಗದ ಹಾವನ್ನು ಕೊಳ್ಳಬೇಡಿ. ಈಗಾಗಲೇ ಸಾಕಿರುವವರು ನೋಂದಾಯಿಸಿ ಕೊನೆಯವರೆಗೂ ಸಲಹಿ. ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಕಾಡಿಗೆ ಮಾತ್ರ ಬಿಡಬೇಡಿ. ಹಾವಿನ ಮೇಲೆ ನಿಜವಾದ ಪ್ರೀತಿಯಿರುವ ಯುವಕರಿಗೆ ಗದ್ದೆಯ ಬದುವಿನಲ್ಲಿ, ತೋಟದ ಕಲ್ಲುಸಂದಿಯಲ್ಲಿ, ಹಳ್ಳದ ದಂಡೆಯಲ್ಲಿ ಅಧ್ಯಯನಕ್ಕೆ ಬೇಕಾದಷ್ಟು ಹಾವುಗಳಿವೆ. ಅವನ್ನು ಅವುಗಳ ಮನೆಯಲ್ಲೇ ಕಂಡು ಬರೋಣ.