ನಂಬದಿದ್ದರೂ ಯಹೂದಿ, ನಂಬಿದರೂ ಅಲ್ಲ

ದೇವರನ್ನು ನಂಬದ, ಶನಿವಾರದ ಸಬ್ಬತ್ ಆಚರಿಸದ, ಹಂದಿಮಾಂಸಕ್ಕೂ ಹಿಂಜರಿಯದ ವ್ಯಕ್ತಿ ಯಹೂದಿಯಾಗಿ ಉಳಿಯುತ್ತಾನೆಯೇ? ಸಂಪ್ರದಾಯನಿಷ್ಠ ರಬ್ಬಿಗಳ ಉತ್ತರದಲ್ಲಿ ಗೊಂದಲವಿಲ್ಲ. ತಾಯಿ ಯಹೂದಿಯಾಗಿದ್ದರೆ ಮಗನೂ ಯಹೂದಿ. ಪಾಪದಿಂದ ಆ ಹುಟ್ಟು ಅಳಿಯದು ಎಂಬುದು ತಾಲ್ಮುದ್ ಕಾಲದಿಂದ ಬಂದ ನಿಲುವು. ಇಸ್ರೇಲ್‌ನಲ್ಲಿ 2022ರ ಚುನಾವಣೆಯ ಬಳಿಕ ಧಾರ್ಮಿಕ ಪಕ್ಷಗಳು ವಲಸೆ ಕಾಯ್ದೆಯನ್ನು ಬಿಗಿಗೊಳಿಸಲು ಪಟ್ಟು ಹಿಡಿದಾಗ, ಯಹೂದಿ ಯಾರು ಎಂಬ ಹಳೆಯ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿತು.

ಸಮುದಾಯದಲ್ಲಿ ಸ್ಥಾನವಿದ್ದ ಮಾತ್ರಕ್ಕೆ ಮನ್ನಣೆಯೂ ಇತ್ತೆಂದಲ್ಲ. ಬಹಿರಂಗವಾಗಿ ಸಬ್ಬತ್ ಮುರಿದವನನ್ನು ಹಳೆಯ ಶಾಸ್ತ್ರ ಕೆಲವು ವಿಷಯಗಳಲ್ಲಿ ಹೊರಗಿನವನಂತೆಯೇ ಕಂಡಿತು. ಅವನು ಮುಟ್ಟಿದ ದ್ರಾಕ್ಷಾರಸವೂ ನಿಷಿದ್ಧವಾಗಿತ್ತು. ಶ್ರದ್ಧೆಯ 13 ತತ್ವಗಳನ್ನು ಪಟ್ಟಿಮಾಡಿದ 12ನೇ ಶತಮಾನದ ಮೈಮೊನಿಡೀಸ್, ಅವನ್ನು ಅಲ್ಲಗಳೆಯುವವರ ವಿಷಯದಲ್ಲಿ ಇನ್ನೂ ಕಠೋರರು.

ಆದರೆ ಅದೇ ಮೈಮೊನಿಡೀಸ್ ಒಂದು ಕಿಂಡಿಯನ್ನೂ ತೆರೆದಿಟ್ಟರು. ರಬ್ಬಿಗಳ ಮೌಖಿಕ ಶಾಸ್ತ್ರವನ್ನು ತಿರಸ್ಕರಿಸಿದ ಕರೈಟ್ ಪಂಥದವರ ಮಕ್ಕಳು, ಶೈಶವದಲ್ಲೇ ಸೆರೆ ಸಿಕ್ಕಿ ಪರಕೀಯರ ನಡುವೆ ಬೆಳೆದ ಕೂಸಿನಂತೆ; ಅವರ ಮೇಲೆ ತಪ್ಪು ಹೊರಿಸದೆ ಸೌಮ್ಯವಾಗಿ ಕರೆತರಬೇಕು ಎಂದರು. ಮುಂದೆ ಆಧುನಿಕ ಯಹೂದಿಗಳನ್ನು ಕಾಪಾಡಿದ್ದು ಈ ‘ಸೆರೆ ಸಿಕ್ಕ ಕೂಸು’. 19ನೇ ಶತಮಾನದ ಜರ್ಮನಿಯಲ್ಲಿ ಸಬ್ಬತ್ ಬಿಟ್ಟವರು ಹೆಚ್ಚಾದಾಗ ರಬ್ಬಿ ಯಾಕೋಬ್ ಎಟ್ಲಿಂಗರ್ ಇದೇ ವಾದವನ್ನು ಮುಂದಿಟ್ಟರು. ದೈವದ ಕೈವಾಡ ಕಣ್ಣಿಗೆ ಕಾಣದ ಈ ಕಾಲದಲ್ಲಿ ನಾಸ್ತಿಕರ ಮೇಲಿನ ಹಳೆಯ ಕಠಿಣ ವಿಧಿಗಳು ಸಲ್ಲವೆಂದು 20ನೇ ಶತಮಾನದಲ್ಲಿ ‘ಹಜೋನ್ ಈಶ್’ ಎಂದೇ ಖ್ಯಾತರಾದ ರಬ್ಬಿ ಕರೆಲಿಟ್ಜ್ ಬರೆದರು.

ಇದು ಕರುಣೆಯೇನೋ ಸರಿ. ಆದರೆ ಓದಿ, ಯೋಚಿಸಿ ದೇವರನ್ನು ಕೈಬಿಟ್ಟ ಪ್ರೌಢನಿಗೆ ತನ್ನನ್ನು ಕೂಸು ಎಂದು ಕ್ಷಮಿಸುವುದು ಹಿತವೆನಿಸೀತೇ? ಅವನ ನಿರ್ಧಾರವನ್ನು ನಿರ್ಧಾರವೆಂದೇ ಇಲ್ಲಿ ಪರಿಗಣಿಸಿಲ್ಲ. 1952ರಲ್ಲಿ ತಮ್ಮನ್ನು ಕಾಣಲು ಬಂದ ಪ್ರಧಾನಿ ಬೆನ್-ಗುರಿಯನ್ ಅವರಿಗೆ ಕರೆಲಿಟ್ಜ್, ಇಕ್ಕಟ್ಟಿನ ದಾರಿಯಲ್ಲಿ ಬರಿದಾದದ್ದು ಹೊರೆ ಹೊತ್ತದ್ದಕ್ಕೆ ದಾರಿ ಬಿಡಬೇಕೆಂಬ ದೃಷ್ಟಾಂತ ಹೇಳಿದರೆಂಬುದು ಪ್ರಸಿದ್ಧ. ನಮ್ಮದು ಖಾಲಿ ಬಂಡಿಯೇ ಎಂದು ಧರ್ಮನಿರಪೇಕ್ಷ ಇಸ್ರೇಲಿಗಳು ಆ ಮಾತನ್ನು ಇಂದಿಗೂ ನೆನೆದು ಸಿಡುಕುವುದುಂಟು.

ಹುಟ್ಟಿನ ಈ ಲೆಕ್ಕವನ್ನು ಇಸ್ರೇಲ್ ರಾಷ್ಟ್ರ ಪೂರ್ತಿಯಾಗಿ ಒಪ್ಪಿಲ್ಲ. ಪೋಲೆಂಡ್‌ನಲ್ಲಿ ಯಹೂದಿಯಾಗಿ ಹುಟ್ಟಿದ ಓಸ್ವಾಲ್ಡ್ ರುಫೈಸನ್, ನಾಜಿಗಳಿಂದ ನೂರಾರು ಯಹೂದಿಗಳನ್ನು ಪಾರುಮಾಡಿ, ಬಳಿಕ ಕ್ಯಾಥೊಲಿಕ್ ಸನ್ಯಾಸಿಯಾದವರು. ಶಾಸ್ತ್ರದ ಪ್ರಕಾರ ಅವರು ಯಹೂದಿಯೇ ಆಗಿದ್ದರೂ, ಯಹೂದಿಗಳಿಗೆ ಮೀಸಲಾದ ವಲಸೆ ಹಕ್ಕನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಅವರಿಗೆ ನಿರಾಕರಿಸಿತು. 1970ರ ತಿದ್ದುಪಡಿ ಅದನ್ನೇ ಕಾನೂನಾಗಿಸಿತು: ತಾಯಿ ಯಹೂದಿಯಾಗಿರಬೇಕು ಅಥವಾ ಮತಾಂತರಗೊಂಡಿರಬೇಕು, ಅನ್ಯಮತಕ್ಕೆ ಸೇರಿರಬಾರದು. ನಾಸ್ತಿಕತೆಗೆ ಅಡ್ಡಿಯಿಲ್ಲ, ಅನ್ಯ ದೇವರಿಗೆ ಅಡ್ಡಿ! ಅದೇ ತಿದ್ದುಪಡಿ ಯಹೂದಿಯ ಮಕ್ಕಳು, ಮೊಮ್ಮಕ್ಕಳಿಗೂ ವಲಸೆಯ ಬಾಗಿಲು ತೆರೆಯಿತು. 2022ರಲ್ಲಿ ಧಾರ್ಮಿಕ ಪಕ್ಷಗಳು ತೆಗೆಯಬೇಕೆಂದದ್ದು ಈ ಮೊಮ್ಮಕ್ಕಳ ಹಕ್ಕನ್ನೇ.

ಆಚರಣೆಗಿಂತ ವಂಶವೇ ಮುಖ್ಯವಾದಾಗ ಏನಾಗುತ್ತದೆಂಬುದನ್ನು ಭಾರತದ ಯಹೂದಿಗಳೂ ಕಂಡಿದ್ದಾರೆ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಕೊಂಕಣದಲ್ಲಿ ‘ಶನಿವಾರ ತೇಲಿ’ ಎನಿಸಿಕೊಂಡಿದ್ದ ಬೆನೆ ಇಸ್ರೇಲಿಗಳು ಇಸ್ರೇಲ್‌ಗೆ ಹೋದಾಗ, ಮದುವೆಗೆ ಮುನ್ನ ಅವರ ವಂಶಾವಳಿ ಪರಿಶೀಲಿಸಬೇಕೆಂದು ರಬ್ಬಿಗಳ ಮಂಡಳಿ ಆದೇಶಿಸಿತು. ಪ್ರತಿಭಟನೆಯ ಬಳಿಕ 1964ರಲ್ಲಿ ಅದು ಹಿಂದೆ ಸರಿಯಿತು.

ಇಂದು ಆ ಪಾಡು ಹಳೆಯ ಸೋವಿಯತ್ ದೇಶಗಳಿಂದ ಬಂದ ಲಕ್ಷಾಂತರ ಮಂದಿಯದು. ತಂದೆ ಮಾತ್ರ ಯಹೂದಿಯಾದ ಯುವಕ ಸಬ್ಬತ್ ಆಚರಿಸಬಹುದು, ಸೇನೆಯಲ್ಲಿ ಹೋರಾಡಬಹುದು. ವಿಧಿವತ್ತಾಗಿ ಮತಾಂತರವಾಗದ ಹೊರತು ರಬ್ಬಿಗಳು ಅವನಿಗೆ ಯಹೂದಿ ವಿವಾಹ ಮಾಡಿಸರು. ಇಸ್ರೇಲ್‌ನಲ್ಲಿ ಯಹೂದಿಗಳಿಗೆ ನೋಂದಣಿ ಮದುವೆಯ ದಾರಿಯೂ ಇಲ್ಲ. ಯಹೂದಿ ತಾಯಿಯ ನಾಸ್ತಿಕ ಮಗ ರಬ್ಬಿಯ ಮುಂದೆ ಹಸೆಮಣೆ ಏರುತ್ತಾನೆ. ಅವನ ಪಕ್ಕದಲ್ಲೇ ಕಾವಲು ನಿಂತ ಆಸ್ತಿಕ ಗೆಳೆಯ ಮದುವೆಗಾಗಿ ಸೈಪ್ರಸ್‌ನ ವಿಮಾನ ಹತ್ತುತ್ತಾನೆ.