ನಮ್ಮೂರ ಬಂಡೆಯಲ್ಲಿ ಡೈನೋಸಾರ್ ಏಕಿಲ್ಲ?

ಮಗುವಿಗೆ ಡೈನೋಸಾರ್ ಹುಚ್ಚು ಹಿಡಿಯಲು ಊರು ದೊಡ್ಡದಾಗಿರಬೇಕಿಲ್ಲ. ಟಿ.ವಿ.ಯಲ್ಲಿ ನೋಡಿದ ಒಂದು ಸಿನಿಮಾ, ಜಾತ್ರೆಯಲ್ಲಿ ಕೊಂಡ ಒಂದು ಪ್ಲಾಸ್ಟಿಕ್ ಗೊಂಬೆ ಸಾಕು. ಮಲೆಬೆನ್ನೂರಿನಂಥ ಊರಿನಲ್ಲೂ ಐದಾರು ವರ್ಷದ ಮಗು ಒಂದು ದಿನ ಕೇಳಿಯೇ ಕೇಳುತ್ತದೆ: ‘ಅಪ್ಪಾಜಿ, ನಮ್ಮೂರಾಗೆ ಡೈನೋಸಾರ್ ಇದ್ವಾ?’

ಇದಕ್ಕೆ ನಾವು ಕೊಡುವುದು ಸಾಮಾನ್ಯವಾಗಿ ಎರಡು ಉತ್ತರ. ಒಂದು, ‘ಅದೆಲ್ಲ ಸಿನಿಮಾದಾಗೆ, ಓದ್ಕೋ ಹೋಗು.’ ಇನ್ನೊಂದು, ‘ಹ್ಞೂಂ, ಹಿಂದೆ ಇದ್ವು.’ ಮೊದಲನೆಯದು ಮಗುವಿನ ಬಾಯಿ ಮುಚ್ಚಿಸುತ್ತದೆ. ಎರಡನೆಯದು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುತ್ತದೆ. ನಿಜವಾದ ಉತ್ತರ ಇವೆರಡಕ್ಕಿಂತ ಸ್ವಾರಸ್ಯವಾಗಿದೆ. ಅದನ್ನು ಹೇಳಿಕೊಡಲು ಇಂಗ್ಲಿಷ್ ಪುಸ್ತಕವಾಗಲಿ ದುಬಾರಿ ಆಟಿಕೆಯಾಗಲಿ ಬೇಕಿಲ್ಲ. ಒಂದು ಹಳೆಯ ಸೀರೆ, ಒಂದಿಷ್ಟು ಜೇಡಿಮಣ್ಣು, ಒಂದು ಹಗ್ಗ, ಜೊತೆಗೆ ನಿಮ್ಮ ನಾಲ್ಕು ಭಾನುವಾರ ಇದ್ದರೆ ಸಾಕು.

ಮೊದಲ ಭಾನುವಾರ: ಸೀರೆ

ಐದೂವರೆ ಮೀಟರಿನ ಹಳೆಯ ಸೀರೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ. ಸೆರಗಿನ ತುದಿ ಎಂದರೆ ಇವತ್ತು. ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ ಎಂದು ಲೆಕ್ಕ ಹಿಡಿಯಿರಿ. ಸೆರಗಿನ ತುದಿಯಿಂದ 454 ಸೆಂಟಿಮೀಟರ್ ದೂರದಲ್ಲಿ ಒಂದು ಪಿನ್ನು ಚುಚ್ಚಿ. ಅದು ಭೂಮಿ ಹುಟ್ಟಿದ ಕಾಲ.

ಈಗ ಸೆರಗಿನ ತುದಿಯಿಂದ ಒಂದು ಗೇಣು ಅಳೆಯಿರಿ. ಅದು ಹತ್ತಿರ ಹತ್ತಿರ 23 ಸೆಂಟಿಮೀಟರ್. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಅಲ್ಲಿ, ಸುಮಾರು 23 ಕೋಟಿ ವರ್ಷಗಳ ಹಿಂದೆ. ತುದಿಯಿಂದ 6.6 ಸೆಂಟಿಮೀಟರಿನಲ್ಲಿ ಇನ್ನೊಂದು ಪಿನ್ನು. ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಈಗಿನ ಮೆಕ್ಸಿಕೋ ತೀರದಲ್ಲಿ ಆಕಾಶದಿಂದ ಒಂದು ಭಾರಿ ಬಂಡೆ ಬಂದು ಅಪ್ಪಳಿಸಿದ್ದು ಆಗ. ನಮ್ಮ ದಖ್ಖನ್ ಸೀಮೆಯಲ್ಲಿ ನೆಲ ಬಿರಿದು ಲಾವಾ ಹರಿದದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ವಿಜಯಪುರದ ಗೋಳಗುಮ್ಮಟ ಕಟ್ಟಿರುವ ಕಪ್ಪುಕಲ್ಲು ಆ ಲಾವಾ ತಣಿದು ಆದದ್ದು. ಶಾಲೆಯಿಂದ ಪ್ರವಾಸಕ್ಕೆ ಹೋದ ಮಗು ಅದನ್ನು ಮುಟ್ಟಿ ಬರಲಿ.

ಮನುಷ್ಯನೆಲ್ಲಿ? ನಮ್ಮ ಜಾತಿಗೆ ಸುಮಾರು ಮೂರು ಲಕ್ಷ ವರ್ಷ. ಈ ಸೀರೆಯಲ್ಲಿ ಅದು ಸೆರಗಿನ ಅಂಚಿನ ಒಂದು ನೂಲಿನಷ್ಟು. ಸಿನಿಮಾದಲ್ಲಿ ಮನುಷ್ಯನೂ ಡೈನೋಸಾರೂ ಎದುರು ಬದುರು ನಿಲ್ಲುತ್ತಾರಲ್ಲ, ಅದು ಕಥೆ ಎಂದು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಸೀರೆಯೇ ಹೇಳುತ್ತದೆ.

ಕೊನೆಗೆ ಊರ ಪಕ್ಕದ ಗುಡ್ಡದ ಬಂಡೆಯ ಸರದಿ. ದಾವಣಗೆರೆ, ಚಿತ್ರದುರ್ಗ ಸೀಮೆಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಪಿನ್ನು ಸೆರಗಿನ ತುದಿಯಿಂದ ಭೂಮಿ ಹುಟ್ಟಿದ ಪಿನ್ನಿನವರೆಗಿನ ಅರ್ಧ ದಾರಿಯನ್ನೂ ದಾಟಿಹೋಗುತ್ತದೆ. ಆಗ ಭೂಮಿಯ ಮೇಲೆ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಮೂಳೆಯುಳ್ಳ ಪ್ರಾಣಿಯೇ ಹುಟ್ಟಿರಲಿಲ್ಲ. ನಮ್ಮ ಬಂಡೆಯಲ್ಲಿ ಡೈನೋಸಾರ್ ಸಿಗುವುದಿಲ್ಲ, ಏಕೆಂದರೆ ನಮ್ಮ ಬಂಡೆ ಅದಕ್ಕಿಂತ ಎಷ್ಟೋ ಹಿರಿಯದು.

ಎರಡನೆಯ ಭಾನುವಾರ: ಮಣ್ಣು

ಭದ್ರಾ ನಾಲೆಯ ಕಡೆಯ ಗದ್ದೆಯ ಜೇಡಿಮಣ್ಣು ಇದಕ್ಕೆ ಚೆನ್ನ. ಮಣ್ಣು ತರುವುದು ದೊಡ್ಡವರ ಕೆಲಸ. ನಾಲೆಯ ದಂಡೆಗೆ ಮಕ್ಕಳನ್ನು ಕಳಿಸಬೇಡಿ. ಮಣ್ಣನ್ನು ರೊಟ್ಟಿಯ ಹಾಗೆ ದಪ್ಪಗೆ ತಟ್ಟಿ, ಅದರ ಮೇಲೆ ಹುಣಸೆ ಎಲೆ, ಬಸವನಹುಳುವಿನ ಚಿಪ್ಪು, ಮಗುವಿನ ಕೈಬೆರಳು ಒತ್ತಿ. ನೆರಳಿನಲ್ಲಿ ಒಣಗಿಸಿ, ಎಣ್ಣೆ ಸವರಿ, ಮೇಲೆ ಕೆಮ್ಮಣ್ಣಿನ ಇನ್ನೊಂದು ಪದರ ಮೆತ್ತಿ. ಅದೂ ಒಣಗಿದ ಮೇಲೆ ಮೆಲ್ಲಗೆ ಬಿಡಿಸಿದರೆ ಒಂದರಲ್ಲಿ ತಗ್ಗು, ಇನ್ನೊಂದರಲ್ಲಿ ಉಬ್ಬು. ಪಳೆಯುಳಿಕೆ ಎಂದರೇನು ಎಂದು ಮಗುವಿಗೆ ಕೈಯಾರೆ ತಿಳಿಯುತ್ತದೆ.

ಇನ್ನೊಂದು ಗುರುತನ್ನು ಒತ್ತಿ, ಮುಚ್ಚದೆ ಅಂಗಳದಲ್ಲಿ ಬಿಡಿ. ಒಂದು ಮಳೆಗೆ ಅಳಿಸಿಹೋಗುತ್ತದೆ. ಪಾಠ ಇರುವುದು ಇಲ್ಲಿಯೇ. ಸತ್ತ ಪ್ರಾಣಿಯ ಮೇಲೆ ಬೇಗನೆ ಹೂಳು ಬಿದ್ದರೆ, ಆ ಹೂಳು ಕಲ್ಲಾಗಿ ಉಳಿದರೆ ಮಾತ್ರ ಕುರುಹು. ಡೈನೋಸಾರ್ ಕಾಲದ ಅಂಥ ಪದರ ನಮ್ಮ ಭಾಗದಲ್ಲಿ ಉಳಿದಿಲ್ಲ. ಉತ್ತರಕ್ಕೆ ಗೋದಾವರಿ, ನರ್ಮದಾ ಕಣಿವೆಗಳಲ್ಲಿ, ದಕ್ಷಿಣಕ್ಕೆ ತಮಿಳುನಾಡಿನ ಅರಿಯಲೂರಿನ ಕಡೆ ಉಳಿದಿದೆ. ಅಲ್ಲಿ ಮೂಳೆಗಳು ಸಿಕ್ಕಿವೆ. ಆಚೆಗೂ ಈಚೆಗೂ ಇದ್ದ ಪ್ರಾಣಿ ನಡುವೆ ನಮ್ಮ ನೆಲದಲ್ಲೂ ತಿರುಗಾಡಿರಬಹುದು. ಆದರೆ ತೋರಿಸಲು ಕುರುಹಿಲ್ಲ. ‘ಕುರುಹು ಸಿಕ್ಕಿಲ್ಲ’ ಎನ್ನುವುದೇ ಬೇರೆ, ‘ಇರಲೇ ಇಲ್ಲ’ ಎನ್ನುವುದೇ ಬೇರೆ. ಈ ವ್ಯತ್ಯಾಸ ಆರು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಮಿಕ್ಕ ಮಣ್ಣಿನಲ್ಲಿ 16 ಸೆಂಟಿಮೀಟರ್ ಅಡ್ಡಗಲದ ಉಂಡೆ ಮಾಡಿಸಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳೂ 256 ಡೈನೋಸಾರ್ ಮೊಟ್ಟೆಗಳೂ ಪತ್ತೆಯಾದ ವರದಿ 2023ರಲ್ಲಿ ಪ್ರಕಟವಾಯಿತು. ಆ ಮೊಟ್ಟೆಗಳ ಗಾತ್ರ ಸುಮಾರು ಇಷ್ಟೇ. ಪಕ್ಕದಲ್ಲಿ ಒಂದು ಕೋಳಿಮೊಟ್ಟೆ ಇಟ್ಟು ನೋಡಲಿ.

ಮೂರನೆಯ ಭಾನುವಾರ: ಹಗ್ಗ

14 ಮೀಟರ್ ಹಗ್ಗವನ್ನು ಕಣದಲ್ಲೋ ಓಣಿಯಲ್ಲೋ ಎಳೆದು ಹಿಡಿಯಿರಿ. ಗೋದಾವರಿ ಕಣಿವೆಯಲ್ಲಿ ಸಿಕ್ಕ ‘ಬರಾಪಾಸಾರಸ್ ಟಾಗೋರಿ’ ಹೆಚ್ಚು ಕಡಿಮೆ ಅಷ್ಟುದ್ದ. ಬಂಗಾಳಿಯಲ್ಲಿ ‘ಬರಾ ಪಾ’ ಎಂದರೆ ದೊಡ್ಡ ಕಾಲು. ಟಾಗೋರಿ ಎಂದದ್ದು ಕವಿ ರವೀಂದ್ರನಾಥ ಟ್ಯಾಗೋರರ ನೆನಪಿಗೆ. 1975ರಲ್ಲಿ ಹೆಸರು ಪಡೆದ ಈ ಪ್ರಾಣಿಯ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಹಗ್ಗದ ಗುಂಟ ರಂಗೋಲಿ ಪುಡಿಯಲ್ಲಿ ಮೈ, ಕಾಲು, ಬಾಲ ಬರೆಯಿಸಿ. ತಲೆಯ ಹತ್ತಿರ ಬಂದಾಗ ನಿಲ್ಲಿಸಿ. ಏಕೆಂದರೆ ಸುಮಾರು 300 ಮೂಳೆಗಳು ಸಿಕ್ಕರೂ ತಲೆಬುರುಡೆ ಸಿಗಲಿಲ್ಲ. ಸಿಕ್ಕದ್ದು ಕೆಲವು ಹಲ್ಲು ಮಾತ್ರ. ಚಿತ್ರಗಳಲ್ಲಿ ಕಾಣುವ ತಲೆ ಅದರ ಬಂಧುಬಳಗವನ್ನು ನೋಡಿ ಮಾಡಿದ ಊಹೆ. ‘ನಿನ್ನ ಪ್ರಕಾರ ತಲೆ ಹೆಂಗಿತ್ತು? ಯಾಕೆ?’ ಎಂದು ಕೇಳಿ. ಮಗುವಿನ ‘ಯಾಕೆ’ಗೆ ಕಿವಿಗೊಡಿ.

ನಾಲ್ಕನೆಯ ಭಾನುವಾರ: ಕೋಳಿ

ಕೋಳಿಯ ಕಾಲನ್ನು ಹತ್ತಿರದಿಂದ ತೋರಿಸಿ. ಹಲ್ಲಿಯ ಮೈಯಂಥ ಪೊರೆ, ಮುಂದಕ್ಕೆ ಮೂರು ಬೆರಳು. ಕೋಳಿ ಸಾಕದವರು ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿ ತೋರಿಸಿದರೂ ಆದೀತು. ಕೆಸರಿನಲ್ಲಿ ಅದರ ಹೆಜ್ಜೆ ಚೆನ್ನಾಗಿ ಮೂಡುತ್ತದೆ. 1861ರಲ್ಲಿ ಜರ್ಮನಿಯಲ್ಲಿ ರೆಕ್ಕೆಯ ಜೊತೆಗೆ ಹಲ್ಲೂ ಮೂಳೆಯ ಬಾಲವೂ ಇದ್ದ ಜೀವಿಯ ಪಳೆಯುಳಿಕೆ ಸಿಕ್ಕಿತು. 1996ರಲ್ಲಿ ಚೀನಾದಿಂದ ಪುಕ್ಕದಂಥ ತುಪ್ಪುಳವಿದ್ದ ಡೈನೋಸಾರಿನ ಸುದ್ದಿ ಬಂತು. ಹಕ್ಕಿಗಳು ಡೈನೋಸಾರ್ ವಂಶದ ಕುಡಿಗಳು ಎಂಬುದನ್ನು ಇಂದು ವಿಜ್ಞಾನಿಗಳು ಒಪ್ಪಿದ್ದಾರೆ. ಬಂಡೆಯಲ್ಲಿ ಸಿಗದ ಡೈನೋಸಾರಿನ ನೆಂಟ ನಮ್ಮ ಹಿತ್ತಲಲ್ಲಿ ಕಾಳು ಹೆಕ್ಕುತ್ತಿದೆ.

ಇಷ್ಟಾದ ಮೇಲೆ ಒಂದು ನೋಟುಪುಸ್ತಕ ಕೊಡಿಸಿ, ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಗೊತ್ತಿದೆ’, ಬಲಕ್ಕೆ ‘ಊಹೆ’. ಬರಾಪಾಸಾರಸ್ಸಿನ ಕಾಲು ಎಡಕ್ಕೆ, ತಲೆ ಬಲಕ್ಕೆ. ಮಗುವಿಗೆ ಬರೆಯಲು ಬಾರದಿದ್ದರೆ ಚಿತ್ರ ಸಾಕು. ಡೈನೋಸಾರಿನ ಹುಚ್ಚು ಎರಡು ವರ್ಷದಲ್ಲಿ ಇಳಿದೀತು, ಹೆಸರುಗಳೂ ಮರೆತಾವು. ಆದರೆ ಯಾರೇ ಏನೇ ಹೇಳಿದರೂ ‘ಇದು ಎಡಕ್ಕೋ ಬಲಕ್ಕೋ?’ ಎಂದು ಕೇಳುವ ರೂಢಿ ಉಳಿದುಕೊಂಡರೆ, ಆ ನಾಲ್ಕು ಭಾನುವಾರ ದಂಡವಾಗಲಿಲ್ಲ ಎಂದೇ ಅರ್ಥ. ಮಗು ನಿಮ್ಮ ಮಾತನ್ನೂ ಹಾಗೆ ಕೇಳೀತು. ಆಗ ಸಿಟ್ಟಾಗಬೇಡಿ.